ನಾ ನೋಡದ ಕುಸ್ತಿ

ಉಮಾಕಾಂತನ ಅಜ್ಜಿಗಿ ಉದಗೀರದಿಂದ ನಿನ್ನ ಮುದುಕನ ನಮಸ್ಕಾರ.

ಈ ವರ್ಷ ನಿಲಂಗಾ, ಜಳಕೋಟ ಅಂತ ಭಾಳ ಕುಸ್ತಿ ನೋಡಿದೆ. ಎಲ್ಲಕ್ಕಿಂತ ಛಲೋದು ಮಾತ್ರ ನಾ ನೋಡದೇ ಇದ್ದದ್ದು. ಕಣ್ಣಿನ ಪೊರಿ ತೆಗದು ಪಟ್ಟಿ ಕಟ್ಟ್ಯಾರ, ಇನ್ನೊಂದು ಕಣ್ಣು ಮೊದಲೇ ಮಂಜು. ಧೂಳು ಬ್ಯಾಡಂದ್ರು, ಅದಕ್ಕ ಇಲ್ಲಿಯ ಕುಸ್ತಿ ಮೈದಾನದ ಗೋಡಿ ಹೊರಗ ಕುಂತೆ. ಹಲಗಿ ಬಡಿತ ಕೇಳಿಯೇ "ಈಗೊಬ್ಬಂವ ಬಿದ್ದ" ಅಂದ್ರ, ಪಾನ್ ಅಂಗಡಿಯಂವ "ಅಜ್ಜಾ, ಪಟ್ಟಿ ಖೋಟಾ ಏನ್ರೀ?" ಅಂದ. ಹೋದ ವರ್ಷ ಸೋತಿದ್ದ ನಮ್ಮ ಉಮಾಕಾಂತನ ಹೆಸರು ಕೂಗಿದಾಗ ಮಾತ್ರ ನನ್ನ ಬಾಯಿ ಬಂದ್ ಆತು. ಹಲಗಿ ಜೋರಾಗಿ ಒಮ್ಮೆಲೇ ನಿಂತಿತು. ಯಾರು ಬಿದ್ದಾರಂತ ತಿಳೀಲಿಲ್ಲ. ಅಷ್ಟರಾಗ ಅಂವಾ ಓಡಿ ಬಂದು, ಗೆದ್ದದ್ದಕ್ಕ ಕೊಟ್ಟ ಫೇಟಾ, ಅದೇ ದೊಡ್ಡ ರುಮಾಲು, ನನ್ನ ತಲಿಗೇ ಸುತ್ತಿದ.

ಇವತ್ತು ಡಾಕ್ಟರ್, "ಇಷ್ಟು ದೊಡ್ಡ ಪಟ್ಟಿ ಯಾರು ಕಟ್ಟಿದ್ರು?" ಅಂದ್ರು. "ನಿಮ್ಮದು ಸಣ್ಣದಾತು ಸಾಹೇಬ್ರ, ಮೊಮ್ಮಗ ಬದಲಿಸ್ಯಾನ" ಅಂದೆ.

ಕಣ್ಣು ಆರಾಮ ಐತಿ. ಬಸ್‌ಸ್ಟ್ಯಾಂಡಿಗಿ ಬಾ, ಫೇಟಾ ನೋಡಿ ಗುರ್ತು ಹಿಡಿ.