ಪ್ರಣತಿಯ ಕೋಲು

ಪರ್ತ್, ಗುರುವಾರ

ಚಿ. ಉತ್ತಮನಿಗೆ ಆಶೀರ್ವಾದ.

ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಪತ್ರವನ್ನು ಬಾಗಿಲಡಿ ತೂರಿಸಿ ಹೋಗುತ್ತಿದ್ದೇನೆ. ಹೋದ ಶನಿವಾರದ ಲ್ಯಾಕ್ರೋಸ್ ಪಂದ್ಯದಲ್ಲಿ ನಿನ್ನ ಮಗಳು ಪ್ರಣತಿಯ ತಲೆಗೆ ಪೆಟ್ಟಾಯಿತು. ಆಮೇಲೆ ಅವಳು ಕಾರಿನ ಹಿಂದೆ ವಾಂತಿ ಮಾಡಿದ್ದನ್ನು ಕಣ್ಣಾರೆ ಕಂಡೆ. "ಯಾರಿಗೂ ಹೇಳ್ಬೇಡಿ ಆಂಟಿ, ಫೈನಲ್‌ಗೆ ಅಡಿಲೇಡ್‌ನಿಂದ ಸೆಲೆಕ್ಟರ್ಸ್ ಬರ್ತಿದಾರೆ" ಅಂದೆ ನೀನು. ಕ್ಲಬ್ಬಿಗೆ ದೂರು ಕೊಡೋಣವೆಂದರೆ ಅಧ್ಯಕ್ಷ ನೀನೇ.

ಮೂವತ್ತು ವರ್ಷ ಈ ಆಟಕ್ಕೆ ದುಡಿದಿದ್ದೇನೆ. ಪುಟ್ಟ ಪ್ರಣತಿಗೆ ಉದ್ದವಾಯಿತೆಂದು ನನ್ನ ಲ್ಯಾಕ್ರೋಸ್ ಕೋಲನ್ನೇ ಕತ್ತರಿಸಿ ಕೊಟ್ಟಿದ್ದೆ. ಫೈನಲ್ ದಿನ ನನಗೆ ಸನ್ಮಾನ ಇಟ್ಟುಕೊಂಡಿದ್ದೀರಿ. ಬೇಕಾದರೆ ಅದನ್ನು ಕೈಬಿಡಿ.

ನಾಳೆಯೇ ಅವಳನ್ನು ಜೂಂಡಲಪ್ ಆಸ್ಪತ್ರೆಗೆ ಕರೆದುಕೊಂಡು ಹೋಗು. ಈ ಪತ್ರವನ್ನೂ ಅವಳಿಗೆ ಓದಿ ಹೇಳು. ಕೇಳಿದರೆ ಅವಳಿಗೆ ಕನ್ನಡ ಅರ್ಥವಾಗುತ್ತದೆ.

ಈ ಶನಿವಾರದ ಫೈನಲ್‌ಗೆ ಅಂಪೈರ್ ನಾನೇ. ಆಟಕ್ಕೆ ಮುಂಚೆ ಪ್ರತಿ ಹುಡುಗಿಯೂ ಕೋಲನ್ನು ನನ್ನ ಕೈಗೆ ಕೊಡಬೇಕು. ಅದರ ತುದಿಯ ಬಲೆಗೆ ಚೆಂಡು ಹಾಕಿ, ಆಳ ನಿಯಮದಂತಿದೆಯೇ ಎಂದು ನೋಡಿ, ಹಿಂದಿರುಗಿಸುತ್ತೇನೆ. ಪ್ರಣತಿಯದನ್ನು ಹಿಂದಿರುಗಿಸುವುದಿಲ್ಲ. ಎಲ್ಲರೆದುರು ಅವಳು ಅತ್ತರೂ ಕೊಡುವುದಿಲ್ಲ.

ಕೋಲು ಹಿಡಿಯಲು ಕಲಿಸಿದ ಕೈಯೇ ಅದನ್ನು ಕಸಿದುಕೊಳ್ಳುವ ಹಾಗೆ ಮಾಡಬೇಡ, ಉತ್ತಮ್.

ಇಂತಿ,
ವತ್ಸಲಾ ಆಂಟಿ