ಬರುವುದು ನೂರು, ಹೋಗುವುದು ಐದು

ಮನೆಯಿಂದ,
ಹನ್ನೆರಡನೆಯ ತಾರೀಖು, ಬುಧವಾರ

ಪ್ರೀತಿಯ ಮಗನೇ,

ನಿನ್ನ ದವಡೆಯ ನೋವು ಹೇಗಿದೆ? ಹಲ್ಲಿನ ಡಾಕ್ಟರು ತಿಂಗಳಿಗೊಮ್ಮೆ ಜೈಲಿಗೆ ಬರುತ್ತಾರೆ ಎಂದು ಬರೆದಿದ್ದೆ. ಬಂದಾಗ ಸಂಕೋಚಪಟ್ಟು ಸಾಲಿನ ಕೊನೆಯಲ್ಲಿ ನಿಲ್ಲಬೇಡ. ಲಾರಿ ಓಡಿಸುತ್ತಿದ್ದಾಗಲೂ ನೀನು ಹಲ್ಲುನೋವನ್ನು ಮಾತ್ರೆ ನುಂಗಿ ಮುಂದಕ್ಕೆ ತಳ್ಳುತ್ತಿದ್ದವನು. ರಾತ್ರಿ ನಿದ್ದೆ ಬರುತ್ತದೆಯೇ? ಆ ಅಪಘಾತ ಇನ್ನೂ ಕಣ್ಣೆದುರು ಬರುತ್ತದೆ ಎಂದು ಅಕ್ಕನಿಗೆ ಬರೆದಿದ್ದೆಯಂತೆ. ಸತ್ತ ಇಬ್ಬರು ಮರಳಿ ಬರುವುದಿಲ್ಲ. ಶಿಕ್ಷೆ ಮುಗಿಯಲು ಎರಡು ವರ್ಷ ಉಳಿದಿದೆ. ನಿದ್ದೆಗೆಟ್ಟು ಅದನ್ನು ಕಳೆಯಲಾಗದು. ನನ್ನ ಮಂಡಿ ಎಂದಿನಂತೆ ಇದೆ. ಅಮ್ಮನ ಸುದ್ದಿ ಒಳ್ಳೆಯದಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಕ್ರಮವಾಗಿ ಬರೆಯುತ್ತೇನೆ, ಅದೇ ಇಬ್ಬರಿಗೂ ಸುಲಭ.

ತಲೆಯೊಳಗಿನ ಗಡ್ಡೆ ಬೆಳೆದಿದೆ ಎಂದು ಹೋದ ತಿಂಗಳ ಕೊನೆಯಲ್ಲಿ ಡಾಕ್ಟರು ಹೇಳಿದರು. ನನ್ನನ್ನು ಪಕ್ಕಕ್ಕೆ ಕರೆದು, "ಮಾತಿಗೇನೂ ತೊಂದ್ರೆ ಆಗಲ್ಲ ಯಜಮಾನ್ರೇ, ಬಲಗೈ ಮಾತ್ರ ಹೋಗಬಹುದು, ಎರಡು ಮೂರು ವಾರದಲ್ಲಿ" ಅಂದರು. ಪಾಪ, ಸಮಾಧಾನ ಮಾಡಲೆಂದೇ ಅಂದದ್ದು. ಹುಟ್ಟಿನಿಂದ ಕಿವಿ ಕೇಳದವಳಿಗೆ, ಕೈಯಲ್ಲೇ ಮಾತಾಡಿಕೊಂಡು ಬಂದವಳಿಗೆ, ಬಲಗೈ ಹೋಗುವುದೆಂದರೆ ಏನು ಎನ್ನುವುದು ಅವರಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಅಮ್ಮನಿಗೆ ನಾನು ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಟ್ಟರೆ ನನ್ನ ಮುಖ ಓದಿಬಿಡುತ್ತಾಳೆ. ನನ್ನ ಸನ್ನೆಯನ್ನು ಕೊನೆಯವರೆಗೂ ನೋಡಿದಳು. ಆಮೇಲೆ, "ಕೈ ಹೋಗೋದ್ರೊಳಗೆ ಮಗನ ಹತ್ರ ಒಂದು ಮಾತಿದೆ" ಅಂದಳು. ಏನೆಂದು ನನಗೂ ಹೇಳಿದಳು. ನಾನೇ ಬರೆದು ತಿಳಿಸುತ್ತೇನೆ ಎಂದೆ. "ನೀನು ಬರೀಬೇಡ. ನೀನು ಬರೆದ್ರೆ ಪೇಪರ್ ಸುದ್ದಿ ಥರ ಇರುತ್ತೆ. ನಾನೇ ಹೇಳ್ಬೇಕು" ಅಂದಳು. ಸನ್ನೆಯಲ್ಲಿ ನೀನು, ನೀವು ಎಂಬ ಭೇದ ಇಲ್ಲವಲ್ಲ. ಮದುವೆಯಾದಂದಿನಿಂದ ನನ್ನನ್ನು ಏಕವಚನದಲ್ಲೇ ಬೈದುಕೊಂಡು ಬಂದಿದ್ದಾಳೆ.

ಅವಳನ್ನು ನೋಡಲು ನೀನು ಕೇಳಿದ ರಜೆ ಸಿಗಲಿಲ್ಲ. ಅವಳು ಬಸ್ಸಿನಲ್ಲಿ ಕೂತು ಅಷ್ಟು ದೂರ ಬರುವ ಸ್ಥಿತಿಯಲ್ಲಿಲ್ಲ. ಉಳಿದದ್ದು ಜೈಲಿನವರು ಎರಡು ವಾರಕ್ಕೊಮ್ಮೆ ಭಾನುವಾರ ಸಂಜೆ ಕೊಡುವ ವಿಡಿಯೋ ಭೇಟಿ. ನಮ್ಮದು ಹಿಂಬದಿಯ ಮನೆ, ಎದುರಿಗೆ ಐದಂತಸ್ತಿನ ಗೋಡೆ; ಮೊಬೈಲಿಗೆ ಸಿಗ್ನಲ್ ಒಂದೇ ಕಡ್ಡಿ, ಅದೂ ಬಚ್ಚಲಿನ ಬಾಗಿಲಲ್ಲಿ ನಿಂತರೆ. ಹಾಗಾಗಿ ಮನೆಗೆ ಇಂಟರ್‌ನೆಟ್ ಹಾಕಿಸಲೇಬೇಕಾಯಿತು.

ಕೇಬಲ್ಲೋ ಫೈಬರೋ ಎಂಬ ಪ್ರಶ್ನೆ ಎದ್ದದ್ದು ಆಗಲೇ. ಜಾಹೀರಾತುಗಳನ್ನು ಪಕ್ಕಪಕ್ಕ ಇಟ್ಟು ಓದಿದೆ. ಎರಡರಲ್ಲೂ ವೇಗ ನೂರು ಎಂದೇ ಇತ್ತು. ಕೇಬಲ್‌ನವನು ನಿನಗೆ ಗೊತ್ತಿರುವವನೇ, ನಿನ್ನ ಜತೆ ಶಾಲೆಯಲ್ಲಿ ಓದಿದ ಉದ್ದಣ್ಣ. ಟಿವಿಯ ತಂತಿ ಹೇಗೂ ಮನೆಯೊಳಗೆ ಬಂದಿದೆ, ಅದರಲ್ಲೇ ಕೊಡುತ್ತೇನೆ, ಸಂಜೆಯೊಳಗೆ ಮುಗಿಸುತ್ತೇನೆ ಅಂದ. "ಅಪ್ಪಾಜಿ, ಫೈಬರ್ ಅಂದ್ರೆ ಗಾಜಿನ ಕೂದಲು. ಇಲಿ ಒಂದ್ಸಲ ಬಾಯಿ ಹಾಕಿದ್ರೆ ಕಥೆ ಮುಗೀತು. ನಮ್ದು ತಾಮ್ರ, ಇಲೀನೇ ಹಲ್ಲು ಮುರ್ಕೊಂಡು ಹೋಗುತ್ತೆ" ಎಂದು ನಕ್ಕ. ಫೈಬರ್ ಕಂಪನಿಯಿಂದ ಬಂದ ಹುಡುಗಿ ಗೋಡೆ, ಕಂಬ, ಚರಂಡಿ ಎಲ್ಲವನ್ನೂ ನೋಡಿ, ರಸ್ತೆಯ ಅಡಿಯಿಂದ ಕೊಳವೆ ತರಬೇಕು, ಮುಂದಿನ ಗೋಡೆಗೆ ತೂತು ಕೊರೆಯಬೇಕು, ಎರಡಕ್ಕೂ ಒಪ್ಪಿಗೆ ಬೇಕು, ಮೂರು ವಾರ ಹಿಡಿಯಬಹುದು ಅಂದಳು. ಮನೆ ಒಡತಿಯನ್ನು ಕೇಳಿದರೆ, "ನಮ್ಮ ಗೋಡೆ ಏನು ಜರಡಿನಾ? ಬಂದೋರೆಲ್ಲ ಒಂದೊಂದು ತೂತು ಮಾಡ್ತಾ ಹೋಗೋಕೆ?" ಎಂದು ಬಾಗಿಲು ಹಾಕಿಕೊಂಡರು. ಆ ಹುಡುಗಿ ಹೊರಡುವಾಗ ಒಂದು ಮಾತು ಹೇಳಿದಳು: "ಅಂಕಲ್, ಅವರದ್ರಲ್ಲಿ ಬರೋದು ಮಾತ್ರ ನೂರು, ಹೋಗೋದು ಐದು. ಅದನ್ನೂ ಇಡೀ ಬೀದಿ ಹಂಚ್ಕೋಬೇಕು. ನಮ್ದು ಬರೋದೂ ನೂರು, ಹೋಗೋದೂ ನೂರು." ವ್ಯಾಪಾರದವರು ಒಬ್ಬರನ್ನೊಬ್ಬರು ಹಳಿಯುವುದು ಹೊಸದೇನಲ್ಲ ಎಂದುಕೊಂಡೆ. ಅಲ್ಲದೆ ನಮ್ಮ ಬಳಿ ಮೂರು ವಾರ ಇರಲಿಲ್ಲ. ಅಮ್ಮ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿಕೊಳ್ಳುತ್ತಿದ್ದಳು; ಕಿರುಬೆರಳು ಆಗಲೇ ಹಿಂದೆ ಬಿದ್ದಿತ್ತು. ಕೇಬಲ್ಲನ್ನೇ ಹಾಕಿಸಿದೆ.

ಎರಡನೆಯ ತಾರೀಖಿನ ಭೇಟಿಯಲ್ಲಿ ನಮ್ಮ ಕಡೆ ಏನಾಯಿತು ಎನ್ನುವುದು ನಿನಗೆ ಗೊತ್ತಿರಲಾರದು. ಅಕ್ಕ ಕೊಟ್ಟಿದ್ದ ಟ್ಯಾಬನ್ನು ಅಮ್ಮನೆದುರು ದಿಂಬಿಗೆ ಒರಗಿಸಿ, ನೆರಳು ಬೀಳದಿರಲೆಂದು ನಾನು ದೀಪ ಹಿಡಿದು ಅವಳ ಬೆನ್ನ ಹಿಂದೆ ನಿಂತಿದ್ದೆ. ನೀನು ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಕಾಣುತ್ತಿದ್ದೆ. ಕೆನ್ನೆ ಊದಿದ್ದು, ಕಾಲರಿನ ಹೊಲಿಗೆ ಬಿಟ್ಟದ್ದು ಎಲ್ಲವೂ ಕಂಡಿತು. ಪರದೆಯ ಮೂಲೆಯ ಸಣ್ಣ ಚೌಕದಲ್ಲಿ ಅಮ್ಮನ ಕೈಗಳೂ ಲೀಲಾಜಾಲವಾಗಿ ಆಡುತ್ತಿದ್ದವು. ನಾನು ಆ ಚೌಕವನ್ನೇ ನೋಡುತ್ತಾ, ಎಲ್ಲ ಸರಿಯಾಗಿ ಹೋಗುತ್ತಿದೆ ಎಂದುಕೊಂಡೆ. ನಡುವೆ ನೀನು ಬಾಯಿ ತೆರೆದು ಏನೋ ಅಂದೆ. ನಮ್ಮ ಮನೆಯಲ್ಲಿ ಯಾವ ಯಂತ್ರಕ್ಕೂ ದನಿ ಹಾಕುವ ರೂಢಿಯೇ ಇಲ್ಲವಲ್ಲ. ಅಮ್ಮನೆದುರು ಬಾಯಲ್ಲಿ ಮಾತಾಡಿದರೆ ಕಿವಿಯಲ್ಲಿ ಪಿಸುಗುಟ್ಟಿದ ಹಾಗೆ, ಮರ್ಯಾದೆಯಲ್ಲ ಎಂದು ನಿಮ್ಮಿಬ್ಬರಿಗೂ ಚಿಕ್ಕಂದಿನಲ್ಲಿ ಹೇಳಿಕೊಟ್ಟವನು ನಾನೇ. ಟ್ಯಾಬಿನ ದನಿಯನ್ನೂ ಮುಚ್ಚಿದ್ದೆ. ನಿನ್ನ ತುಟಿ ನಡುಗುವುದನ್ನು ಕಂಡು ಅಳುತ್ತಿದ್ದೀಯ ಎಂದು ಭಾವಿಸಿದೆ. ಅಮ್ಮ ಹೇಳಬೇಕಾದದ್ದನ್ನು ಹೇಳಿ ಮುಗಿಸಿ, ಕೈಗಳನ್ನು ಎದೆಯ ಹತ್ತಿರ ತಡೆದು ನಿನ್ನನ್ನೇ ನೋಡಿದಳು. ನೀನು ತಲೆ ಆಡಿಸಿದೆ. ಅವಳ ಭುಜ ಇಳಿದದ್ದು ಹಿಂದೆ ನಿಂತಿದ್ದ ನನಗೆ ಕಂಡಿತು. ಅಷ್ಟು ಹಗುರವಾಗಿ ಅವಳು ಕೂತದ್ದನ್ನು ನಾನು ಈಚೆಗೆ ನೋಡಿರಲಿಲ್ಲ.

ಮರುದಿನ ಸಂಜೆ ಅದೇ ಟ್ಯಾಬಿನಲ್ಲಿ ಅಕ್ಕ ಕರೆದಳು. ಎರಡು ನಿಮಿಷವಾಗಿರಲಿಲ್ಲ, ನನ್ನ ಮೊಬೈಲಿಗೆ ಅವಳಿಂದ ಮೆಸೇಜು ಬಂತು: "ಅಪ್ಪಾ, ಅಮ್ಮ ಫೋಟೋ ಥರ ನಿಂತುಬಿಟ್ಟಿದಾಳೆ. ಕೈ ಎಲ್ಲಾ ಚೌಕ ಚೌಕ. ಏನೂ ಗೊತ್ತಾಗ್ತಿಲ್ಲ." ನಮ್ಮ ಪರದೆಯ ಮೂಲೆಯಲ್ಲಿ ಅಮ್ಮನ ಕೈ ಆಗಲೂ ಚೆನ್ನಾಗಿಯೇ ಆಡುತ್ತಿತ್ತು. ಆ ಸಣ್ಣ ಚೌಕ ಮನೆಯೊಳಗಿನ ಚಿತ್ರವಂತೆ, ತಂತಿಯಲ್ಲಿ ಹೊರಗೆ ಹೋಗುವ ಚಿತ್ರವಲ್ಲವಂತೆ. ಹಿಂದಿನ ದಿನ ನೀನು ಬಾಯಿ ತೆರೆದು ಅಂದದ್ದೂ ಇದನ್ನೇ ಇರಬೇಕು. ಉದ್ದಣ್ಣನನ್ನು ಕರೆಸಿದೆ. "ಸಂಜೆ ಹೊತ್ತು ಬೀದಿಯೋರೆಲ್ಲ ಕೂತಿರ್ತಾರಲ್ಲ ಅಪ್ಪಾಜಿ... ನೀವು ಸಿನಿಮಾ ನೋಡೋಕೆ ಅಂತ ಅಂದ್ಕೊಂಡಿದ್ದೆ. ಕಳಿಸೋಕೆ ಅಂತ ಮೊದ್ಲೇ ಹೇಳಿದ್ರೆ ನಾನೇ ಬೇಡ ಅಂತಿದ್ದೆ" ಎಂದು ತಲೆ ತಗ್ಗಿಸಿ ನಿಂತ. ಅವನನ್ನು ಬೈದು ಏನು ಮಾಡುವುದು?

ಅಂದೇ ಫೈಬರಿಗೆ ಬರೆದುಕೊಟ್ಟೆ. ಮನೆ ಒಡತಿಯ ಕೈಕಾಲು ಹಿಡಿಯಬೇಕಾಗಿ ಬರಲಿಲ್ಲ; ಅಮ್ಮ ಗೋಡೆ ಹಿಡಿದುಕೊಂಡು ಅವರ ಬಾಗಿಲಿಗೆ ಹೋಗಿ ಸುಮ್ಮನೆ ನಿಂತಳು, ಅಷ್ಟೆ. ಮಾತು ನಿನಗೆ ಮುಟ್ಟಿಲ್ಲ ಎಂದು ನಾನು ಅವಳಿಗೆ ಹೇಳಿರಲಿಲ್ಲ, ಅಕ್ಕನ ಜತೆ ಮಾತಾಡಲು ಒಳ್ಳೆಯ ಲೈನು ಬೇಕು ಎಂದಷ್ಟೇ ಹೇಳಿದ್ದೆ. ಹೊಸ ಲೈನು ಬಂದ ಮೇಲೆ ಏನಾದರೊಂದು ನೆಪ ಮಾಡಿ ಆ ಮಾತನ್ನು ಮತ್ತೆ ಆಡಿಸೋಣ ಎಂಬುದು ನನ್ನ ಲೆಕ್ಕ. ಶುಕ್ರವಾರ ಬೆಳಿಗ್ಗೆ ಅವಳ ಬಲಗೈ ಏಳಲಿಲ್ಲ. ಎಡಗೈಯಲ್ಲಿ ನೀರು, ನೋವು, ಸಾಕು ಎನ್ನುತ್ತಾಳೆ. ಉಳಿದದ್ದನ್ನು ಹೇಳಲು ಹೊರಟು ನಡುವೆ ಬಿಟ್ಟುಬಿಡುತ್ತಾಳೆ. ಎಡಗೈ ತನ್ನದಲ್ಲ, ಯಾರದೋ ಮನೆಯಿಂದ ಎರವಲು ತಂದದ್ದು ಎಂಬ ಹಾಗೆ ಅದನ್ನು ನೋಡುತ್ತಾಳೆ.

ಫೈಬರಿನವರು ಶನಿವಾರ ಬಂದು ಜೋಡಿಸುತ್ತಾರೆ. "ಅಮ್ಮಂಗೆ ಹೇಳೋಕೇ ಆಗ್ದಿದ್ಮೇಲೆ ಅದ್ಯಾಕಪ್ಪಾ ಇನ್ನು? ನೋಡೋಕೆ ಕೇಬಲ್ಲೇ ಸಾಕಲ್ವಾ?" ಎಂದು ಅಕ್ಕ ಕೇಳಿದಳು. ಅವಳ ಮಾತು ತಪ್ಪಲ್ಲ. ಅಮ್ಮನಿಗೆ ನಿನ್ನನ್ನು ನೋಡಲು ಕೇಬಲ್ಲೇ ಸಾಕು. ನಿನಗೆ ಅವಳ ಮುಖ ಕಾಣಬೇಕಲ್ಲ ಎಂದು ಬೇಡವೆನ್ನಲಿಲ್ಲ. ಮುಖ ಬಹಳ ಇಳಿದಿದೆ. ಗಾಬರಿಯಾಗಬೇಡ, ಆದರೂ ಅದನ್ನು ಅವಳಿಗೆ ತೋರಿಸಬೇಡ.

ಹೊತ್ತು ಹೊತ್ತಿಗೆ ಊಟ ಮಾಡು. ಹಲ್ಲು ತೋರಿಸು. ಅಕ್ಕ ನಿನ್ನನ್ನು ಕೇಳಿದ್ದಾಳೆ, ಉದ್ದಣ್ಣನೂ ಕೇಳಿದ. ನಿನ್ನ ತಲೆಯ ಮೇಲೆ ನಮ್ಮಿಬ್ಬರ ಕೈ ಇದೆ ಎಂದುಕೊಂಡು ಮಲಗು.

ಇಂತು,
ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಡಿಸಿದೆ. ಬರೆಯಬೇಡ ಎಂದಿದ್ದಳು, ಆದರೆ ಇನ್ನು ಹೇಳುವ ಕೈ ಇಲ್ಲ. ಅವತ್ತು ಅವಳು ಹೇಳಿದ್ದು ಇಷ್ಟು: "ನಾನು ಹೋದಾಗ ನೀನು ಬರಬೇಡ. ಬಂದ್ರೆ ಕೈಗೆ ಬೇಡಿ ಹಾಕಿ ಕರ್ಕೊಂಡು ಬರ್ತಾರೆ. ಬೇಡಿ ಹಾಕಿದ್ರೆ ನನ್ನ ಹತ್ರ ಏನಂತ ಮಾತಾಡ್ತೀಯ? ಬಾಯಿ ಕಟ್ಟಿಸ್ಕೊಂಡು ನನ್ನ ಮುಂದೆ ನಿಲ್ಲಬೇಡ. ಬರಲ್ಲ ಅನ್ನು." ನೀನು ತಲೆ ಆಡಿಸಿದ್ದು ಇದಕ್ಕೆ. ಮಗ ಮಾತು ಕೊಟ್ಟಿದ್ದಾನೆ ಎಂದು ಅವಳು ನಂಬಿದ್ದಾಳೆ. ನಿನ್ನೆ ಠಾಣೆಯಿಂದ ಒಬ್ಬರು ಬಂದಿದ್ದರು. ತಾಯಿ ತೀರಿಕೊಂಡರೆ ಕಳಿಸಿಕೊಡಿ ಎಂದು ನೀನು ಅರ್ಜಿ ಹಾಕಿದ್ದೀಯಂತೆ, ಮನೆಯವರು ಏನನ್ನುತ್ತೀರಿ ಎಂದು ಕೇಳಿದರು. ಬೇಡಿ ಬಿಚ್ಚುವ ಹಾಗಿಲ್ಲ ಎಂದೂ ಹೇಳಿದರು. ಈ ಭಾನುವಾರದ ಭೇಟಿ ಕಳೆಯಲಿ, ಆಮೇಲೆ ಹೇಳುತ್ತೇನೆ ಎಂದು ಅವರನ್ನು ಕಳಿಸಿದ್ದೇನೆ. ಬರುತ್ತೀಯೋ ಬಿಡುತ್ತೀಯೋ, ನಾನು ಒಂದು ಮಾತೂ ಅನ್ನುವುದಿಲ್ಲ. ಬರುವುದೇ ಆದರೆ ಅವಳು ನೋಡುತ್ತಿರುವಾಗಲೇ ಹೇಳಿಬಿಡು. ಬರುವುದಿಲ್ಲ ಎಂದಾದರೂ ಹೇಳು. ಯಾವುದೇ ಆಗಲಿ, ಈ ಸಲ ತಲೆ ಆಡಿಸಬೇಡ, ಕೈಯಲ್ಲಿ ಹೇಳು.