ತಲೆ ಎತ್ತದೆ ಹಾಕಿದ ಹಾಜರಿ

ಕಾಲೇಜಿನ ಶುಲ್ಕ ವಿಭಾಗದ ಮುಖ್ಯಸ್ಥರಿಗೆ,

ನಿಮ್ಮ ಉತ್ತರ ತಲುಪಿತು. ನನ್ನ ಮಗಳು ಎರಡು ತಿಂಗಳು ತರಗತಿಗೆ ಬಂದಿದ್ದಾಳೆ, ಹಾಜರಿ ಪುಸ್ತಕವೇ ಸಾಕ್ಷಿ, ಆದ್ದರಿಂದ ಕಟ್ಟಿದ ಫೀಸು ವಾಪಸ್ ಇಲ್ಲ ಎಂದು ಬರೆದಿದ್ದೀರಿ. ಅದೇ ಕಾಗದದ ಕೆಳಗೆ, ಅವಳು ಕೋರ್ಸು ಬಿಟ್ಟಿರುವುದರಿಂದ ಆ ಎರಡು ತಿಂಗಳ ವಿದ್ಯಾರ್ಥಿವೇತನ ಹಿಂದಿರುಗಿಸಬೇಕು ಎಂದೂ ಬರೆದಿದ್ದೀರಿ. ಫೀಸಿಗೆ ಇದ್ದ ಹುಡುಗಿ ವಿದ್ಯಾರ್ಥಿವೇತನಕ್ಕೆ ಎಲ್ಲಿ ಹೋದಳು ಸ್ವಾಮಿ?

ಆ ಎರಡು ತಿಂಗಳೂ ಅವಳು ಬೆನ್ನುಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಳು. ದಾಖಲೆ ಲಗತ್ತಿಸಿದ್ದೇನೆ. ಹಾಜರಿ ಹೇಗೆ ಬಂತೆಂದು ಅವಳ ಗೆಳತಿಯರೇ ಬಂದು ಹೇಳಿ ಅತ್ತರು. "ಆಂಟಿ, ಅವಳು ವಾಪಸ್ ಬಂದಾಗ ಅಟೆಂಡೆನ್ಸ್ ಕಮ್ಮಿ ಆಗಿರ್ಬಾರ್ದು ಅಂತ ನಾವೇ ಎಸ್ ಸಾರ್ ಅಂತಿದ್ವಿ. ಹೀಗಾಗುತ್ತೆ ಅಂತ ಗೊತ್ತಿರ್ಲಿಲ್ಲ." ಅವರ ಹೆಸರು ಕೇಳಬೇಡಿ. ಆ ಮಕ್ಕಳ ತಂಟೆಗೆ ಹೋದರೆ ನಾನು ಸುಮ್ಮನಿರುವವಳಲ್ಲ.

ನಾನು ಬಸ್ ಕಂಡಕ್ಟರ್. ಹತ್ತದವರ ಲೆಕ್ಕದಲ್ಲಿ ಒಂದು ಟಿಕೆಟ್ ಹರಿದರೂ ನನ್ನ ಕೆಲಸ ಹೋಗುತ್ತದೆ. ನೂಕುನುಗ್ಗಲಿನಲ್ಲೂ ತಲೆ ಎಣಿಸುವಾಗ ನಾನು ಮುಖ ನೋಡುತ್ತೇನೆ. ನಿಮ್ಮ ಮೇಷ್ಟ್ರು ಎರಡು ತಿಂಗಳು ಪುಸ್ತಕದಿಂದ ತಲೆಯನ್ನೇ ಎತ್ತಲಿಲ್ಲವೇ?

ಶನಿವಾರದೊಳಗೆ ಫೀಸು ವಾಪಸ್ ಮಾಡಿ. ಹಾಜರಿಯಲ್ಲಿ ನನ್ನ ಮಗಳದಾದ ಹದಿನೇಳನೇ ನಂಬರನ್ನು ಮೇಷ್ಟ್ರು ಇವತ್ತಿಗೂ ಕೂಗುತ್ತಾರಂತೆ. ಹಣ ಬರದಿದ್ದರೆ, ಸೋಮವಾರ ನನಗೆ ವಾರದ ರಜೆ. ಬೆಳಿಗ್ಗೆ ಹತ್ತಕ್ಕೆ ಯೂನಿಫಾರ್ಮಿನಲ್ಲೇ ಬಂದು, ಮಗಳ ಬೆಂಚಿನಲ್ಲಿ ಕೂತು, ನಾನೇ ಎಸ್ ಸಾರ್ ಅನ್ನುತ್ತೇನೆ. ಆಗಲಾದರೂ ಅವರು ತಲೆ ಎತ್ತುತ್ತಾರೋ ನೋಡೋಣ.

ಇತಿ,
ಹದಿನೇಳನೇ ನಂಬರಿನ ತಾಯಿ